ಬೇಗ ಒಡೆದ ಮೊಟ್ಟೆಗಳು: ಬಡಗು ಕಾಸರಗೋಡಿನ ಒಂದು ಕಡಲಾಮೆ ಹ್ಯಾಚರಿಯ ಪ್ರಕರಣ

ಕಡಲಾಮೆ ಮೊಟ್ಟೆ ಕಾಯುವವರು ಹೆದರುವುದು ನಾಯಿಗೆ, ನರಿಗೆ, ಮೊಟ್ಟೆ ಕದಿಯುವವರಿಗೆ, ಮತ್ತೆ ಉಕ್ಕಿ ಬರುವ ಕಡಲಿಗೆ. ಬಿಸಿಗೆ ಹೆದರುವವರು ಕಡಿಮೆ. ಈ ನಾಲ್ಕನ್ನೂ ತಡೆದು ಗೆದ್ದ ಒಂದು ತಂಡ ಹೊಯ್ಗೆಯ, ಅಂದರೆ ಮರಳಿನ, ಬಿಸಿಯ ಮುಂದೆ ತಬ್ಬಿಬ್ಬಾಯಿತು. ಬೇರೆ ತೀರದವರಿಗೆ ಉಪಯೋಗ ಆದೀತು ಅಂತ ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಕುಂಬಳೆಗೂ ಮಂಜೇಶ್ವರಕ್ಕೂ ನಡುವಿನ ಒಂದು ತೀರ ಅಂದುಕೊಂಡರೆ ಸಾಕು. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು. ತಂಡದ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು, ಅಷ್ಟೇ ನನ್ನ ಪಾತ್ರ.

ಹಿನ್ನೆಲೆ

ನಮ್ಮ ಕಡೆ ಮೊಟ್ಟೆ ಇಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲಿ ಆಮೆ. ಒಡಿಶಾದ ಗಹಿರಮಾಥಾ, ಋಷಿಕುಲ್ಯ ತೀರಗಳಲ್ಲಿ ಸಾವಿರಗಟ್ಟಲೆ ಒಟ್ಟಿಗೆ ದಡ ಹತ್ತುವುದೂ ಇದೇ ಜಾತಿ. ನಮ್ಮಲ್ಲಿ ಹಾಗಲ್ಲ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಮಾರ್ಚ್‌ ತನಕ ಒಂದೊಂದೇ ಬರುತ್ತದೆ. ರಾತ್ರಿ ದಡ ಹತ್ತಿ ಹಿಂಗಾಲಿನಿಂದ ಗುಂಡಿ ತೋಡುತ್ತದೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಹೂಜಿಯ ಹಾಗೆ. ನೂರು, ನೂರಿಪ್ಪತ್ತು ಮೊಟ್ಟೆ ಇಟ್ಟು, ಹೊಯ್ಗೆ ಮುಚ್ಚಿ, ಹೊಟ್ಟೆಯಿಂದ ಬಡಿದು ಗಟ್ಟಿ ಮಾಡಿ ಹೋಗಿಬಿಡುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. ಅಲ್ಲಿಂದ ಮುಂದೆ ಕಾವು ಕೊಡುವ ಕೆಲಸ ಪೂರ್ತಿ ಹೊಯ್ಗೆಯದ್ದು. 45ರಿಂದ 60 ದಿನದೊಳಗೆ ಮರಿ ಹೊರಗೆ ಬರುತ್ತದೆ. ಎಷ್ಟು ದಿನ ಅನ್ನೋದನ್ನು ತೀರ್ಮಾನ ಮಾಡುವುದೂ ಹೊಯ್ಗೆಯ ಬಿಸಿಯೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಆಮೆ ಮೊದಲನೇ ಶೆಡ್ಯೂಲಿನಲ್ಲಿದೆ, ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ. ಅಂದರೆ ಮೊಟ್ಟೆ ಮುಟ್ಟಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ನಮ್ಮ ಜಿಲ್ಲೆಯ ತೆಂಕು ಭಾಗದಲ್ಲಿ, ನೀಲೇಶ್ವರದ ತೈಕಡಪ್ಪುರದಲ್ಲಿ, ತೀರದ ಮೊಟ್ಟೆಗಳನ್ನು ಬೇಲಿ ಹಾಕಿದ ಜಾಗಕ್ಕೆ ತಂದು, ಹೊಯ್ಗೆಯಲ್ಲಿ ಹೂತು, ಮರಿ ಬರುವ ತನಕ ಕಾಯುವ ಕೆಲಸ ಬಹಳ ವರ್ಷದಿಂದ ನಡೆಯುತ್ತಿದೆ. ಹ್ಯಾಚರಿ ಅನ್ನುವುದು ಇದಕ್ಕೇ. ಅದನ್ನು ನೋಡಿ ಬಂದವರೇ ಇಲ್ಲಿ ಅನುಮತಿ ತೆಗೆದುಕೊಂಡು ಶುರು ಮಾಡಿದ್ದು. ತಂಡದಲ್ಲಿ ಹೆಚ್ಚಿನವರು ಮೀನುಗಾರರು. ಅವರಲ್ಲಿ ಹಿರಿಯರೊಬ್ಬರಿದ್ದರು, ದಡದಿಂದ ಕೈರಂಪಣಿ ಬಲೆ ಎಳೆದೇ ಬೆನ್ನು ಬಾಗಿದವರು. ಇಲ್ಲಿ ಅವರನ್ನು ದೊಡ್ಡಣ್ಣ ಅನ್ನೋಣ. ತೀರದ ಪಕ್ಕದ ಮನೆಯ ಅಕ್ಕ ಒಬ್ಬರು. ಮತ್ತೆ ಐಟಿಐ ಓದುವ ಒಬ್ಬ ಹುಡುಗ, ಬೈಕ್ ಇದ್ದವನು. ರಾತ್ರಿ ಗಸ್ತು ಹೆಚ್ಚಾಗಿ ಅವನದ್ದೇ.

ಮೊದಲ ದೊಡ್ಡ ತೀರ್ಮಾನ: ಬೇಲಿ ಎಲ್ಲಿ ಹಾಕುವುದು? ಮೂರು ಜಾಗ ಇತ್ತು. ಒಂದು, ಬಡಗು ಬದಿಯ ಗಾಳಿಮರದ (ಸರ್ವೆಮರದ) ತೋಪಿನ ಅಂಚು. ನೆರಳು ಉಂಟು, ಆದರೆ ಮನೆ ಹತ್ತಿರ ಇಲ್ಲ, ಬೇರಿನ ಕಾಟ, ರಾತ್ರಿ ಒಬ್ಬರೇ ಕೂರುವುದು ಕಷ್ಟ. ಎರಡು, ಉಬ್ಬರದ ಗೆರೆಗಿಂತ ಮೇಲೆ, ತೀರದಲ್ಲೇ. ಅಲ್ಲಿ ಕಡಲ್ಕೊರೆತದ ಹೆದರಿಕೆ. ಮೂರು, ಕಡಲಿಗೆ ಕಟ್ಟಿದ ಕಲ್ಲಿನ ತಡೆಗೋಡೆಯ ಹಿಂದೆ, ಅಕ್ಕನ ಮನೆ ಎದುರು. ಅಲ್ಲಿ ಬಾವಿ ಉಂಟು, ರಸ್ತೆ ಉಂಟು, ಜಗಲಿಯಲ್ಲಿ ಕೂತೇ ಕಾವಲು ಕಾಯಬಹುದು. ಮೂರನೆಯದಕ್ಕೆ ಎಲ್ಲರೂ ಒಪ್ಪಿದರು. ತಗ್ಗು ತುಂಬಲು ಹೊಳೆ ಕಡಲು ಸೇರುವ ಅಳಿವೆ ಕಡೆಯಿಂದ ಒಂದಷ್ಟು ಹೊಯ್ಗೆ ತಂದು ಹಾಕಿದರು. ಅದು ತೀರದ ಹೊಯ್ಗೆಗಿಂತ ಸ್ವಲ್ಪ ಕಪ್ಪು. ಜಾಗ ಚಿಕ್ಕದು, ಹಾಗಾಗಿ ಗೂಡುಗಳನ್ನು ಒತ್ತೊತ್ತಾಗಿ ಮಾಡಬೇಕಾಯಿತು. ಆ ಸಭೆಯಲ್ಲಿ ಕಾವಲು, ಕರೆಂಟು, ನೀರು, ಬಲೆಯ ಖರ್ಚು ಎಲ್ಲ ಚರ್ಚೆ ಆಯಿತು. ಹೊಯ್ಗೆ ಎಷ್ಟು ಬಿಸಿ ಆಗ್ತದೆ ಅನ್ನೋ ಮಾತು ಬರಲಿಲ್ಲ.

ದೊಡ್ಡಣ್ಣ ಮಾತ್ರ ಗೊಣಗಿದರು. "ಆಮೆ ಈ ಗೋಡೆ ಹತ್ತಿರ ಮೊಟ್ಟೆ ಇಟ್ಟದ್ದು ನಾನು ನೋಡಿದ್ದಿಲ್ಲ ಮಾರ್ರೆ." ಗೋಡೆ ಇದ್ದರೆ ಆಮೆ ಹತ್ತುವುದು ಹೇಗೆ, ಅದಕ್ಕೇ ಇಟ್ಟಿಲ್ಲ ಅಂತ ಉತ್ತರ ಬಂತು. ಅದೂ ಸರಿಯೇ. ಮಾತು ಅಲ್ಲಿಗೆ ನಿಂತಿತು.

ಸಮಸ್ಯೆ ಕಂಡದ್ದು ಹೇಗೆ

ನವೆಂಬರ್, ಡಿಸೆಂಬರಿನ ಗೂಡುಗಳು ಚೆನ್ನಾಗಿ ಒಡೆದವು. ಐವತ್ತು ದಿನ ದಾಟಿ ಮರಿ ಬಂತು. ಗುರುತಿಸುವುದು ಸುಲಭ: ಗೂಡಿನ ಮೇಲಿನ ಹೊಯ್ಗೆ ನಡುವಿನಲ್ಲಿ ಸ್ವಲ್ಪ ಕುಸಿಯುತ್ತದೆ. ಒಂದೆರಡು ರಾತ್ರಿಯಲ್ಲಿ ಮರಿಗಳು ಒಟ್ಟಿಗೆ ಮೇಲೆ ಬರುತ್ತವೆ. ತಂಡಕ್ಕೆ ಧೈರ್ಯ ಬಂತು.

ಫೆಬ್ರವರಿ ಮೊದಲ ವಾರದ ಗೂಡುಗಳು ಮಾರ್ಚ್‌ ಕೊನೆಗೆ ಬರಬೇಕಿತ್ತು. ಅವುಗಳಲ್ಲಿ ಒಂದು, ಲೆಕ್ಕ ಹಾಕಿದ್ದಕ್ಕಿಂತ ವಾರ ಮೊದಲೇ ಕುಸಿಯಿತು. ಮರಿ ಬಂದವು. ಎಲ್ಲರಿಗೂ ಖುಷಿ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಮರಿಗಳ ಫೋಟೋ. 'ನಮ್ಮ ಹ್ಯಾಚರಿಯಲ್ಲಿ ಬೇಗ ಬಂತು' ಅಂತ ಹೆಮ್ಮೆ. ಪಕ್ಕದ್ದೂ ಹಾಗೇ ಬೇಗ ಬಂತು. ಬೇಗ ಬಂದದ್ದೇ ಎಚ್ಚರಿಕೆಯ ಗಂಟೆ ಅಂತ ಯಾರಿಗೂ ಹೊಳೆಯಲಿಲ್ಲ.

ಮರಿ ಹೊರಬಂದು ಕೆಲವು ದಿನ ಬಿಟ್ಟು ಗೂಡು ಅಗೆದು ನೋಡುವ ಕ್ರಮ ಉಂಟು. ಖಾಲಿ ಚಿಪ್ಪು ಎಷ್ಟು, ಒಡೆಯದ ಮೊಟ್ಟೆ ಎಷ್ಟು ಅಂತ ಲೆಕ್ಕ. ಹುಡುಗ ಮೊಣಕೈ ತನಕ ಕೈ ಹಾಕಿದ. ಮೇಲೆ ಖಾಲಿ ಚಿಪ್ಪು. ಕೆಳಗೆ ಹೋದ ಹಾಗೆ ವಾಸನೆ. ಕೈಗೆ ಸಿಕ್ಕಿದ್ದು ಪೂರ್ತಿ ಬೆಳೆದ ಮರಿಗಳು, ಸತ್ತವು. ಕೆಲವು ಚಿಪ್ಪು ಕುಕ್ಕಿ ಮೂತಿ ಹೊರಗೆ ಹಾಕಿ ಅಲ್ಲೇ ನಿಂತಿದ್ದವು. ಹೊಟ್ಟೆಯಲ್ಲಿ ಮೊಟ್ಟೆಯ ಹಳದಿಯ ಗಡ್ಡೆ ಇನ್ನೂ ಕರಗಿರಲಿಲ್ಲ. ಅರ್ಧಕ್ಕೆ ಅರ್ಧ ಹೋಗಿತ್ತು. ಇನ್ನೊಂದು ಗೂಡಿನಲ್ಲಿ ಅದಕ್ಕಿಂತ ಜಾಸ್ತಿ.

ಬದುಕಿ ಬಂದ ಮರಿಗಳೂ ಚುರುಕಿರಲಿಲ್ಲ ಅಂತ ಅಕ್ಕ ಆಮೇಲೆ ಹೇಳಿದರು. ಡಿಸೆಂಬರಿನ ಗೂಡಿನ ಮರಿಯನ್ನು ಅಂಗಾತ ಹಾಕಿದರೆ ಕತ್ತು ಒತ್ತಿ ಕ್ಷಣದಲ್ಲಿ ಮಗುಚಿಕೊಳ್ಳುತ್ತಿತ್ತು. ಇವು ರೆಕ್ಕೆಗಾಲು ಬಡಿಯುತ್ತಾ ಹಾಗೇ ಬಿದ್ದಿರುತ್ತಿದ್ದವು. ಗಾತ್ರವೂ ಸಣ್ಣ. ಇದು ಅಕ್ಕನ ಊಹೆ ಅಲ್ಲ. ಕಾವು ಜಾಸ್ತಿ ಆದಾಗ ಮರಿ ಅವಸರದಲ್ಲಿ ಬೆಳೆಯುತ್ತದೆ. ಹಳದಿಯನ್ನು ಮೈಯಾಗಿ ಮಾಡಿಕೊಳ್ಳಲು ಸಮಯ ಸಾಲುವುದಿಲ್ಲ. ಮೈ ಸಣ್ಣದಾಗಿ, ನಡಿಗೆಯೂ ಈಜೂ ನಿಧಾನ ಆಗುತ್ತದೆ ಅಂತ ಹಲವು ದೇಶಗಳಲ್ಲಿ ಅಳೆದು ನೋಡಿದ್ದಾರೆ.

ತಪ್ಪು ಯಾರ ಮೇಲೆ ಬಂತು

ಹುಡುಗನ ಮೇಲೆ. ಈ ಭಾಗ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ, ಆದರೆ ಪ್ರಕರಣದ ತಿರುವು ಇಲ್ಲೇ ಇರುವುದರಿಂದ ಬಿಡುವಂತಿಲ್ಲ.

ಮೊಟ್ಟೆ ಸಾಗಿಸುವುದಕ್ಕೆ ಒಂದು ಕಟ್ಟುನಿಟ್ಟು ಉಂಟು. ಇಟ್ಟ ಕೆಲವೇ ಗಂಟೆಯೊಳಗೆ ಸಾಗಿಸಬೇಕು, ಬೇರೆ ಗೂಡಿಗೆ ಹಾಕಿ ಮುಗಿಸಬೇಕು. ಆಮೇಲೆ ಒಳಗಿನ ಭ್ರೂಣ ಚಿಪ್ಪಿನ ಮೇಲ್ಬದಿಯ ಪೊರೆಗೆ ಅಂಟಿಕೊಳ್ಳುತ್ತದೆ. ಆಗ ಮೊಟ್ಟೆ ಮಗುಚಿದರೆ, ಜೋರಾಗಿ ಅಲುಗಿದರೆ, ಭ್ರೂಣ ಸಾಯುತ್ತದೆ. ಹುಡುಗ ಆ ಎರಡು ಗೂಡಿನ ಮೊಟ್ಟೆ ಬಕೆಟಿನಲ್ಲಿ ಹಾಕಿ ಬೈಕಿನಲ್ಲಿ ತಂದಿದ್ದ. ರಸ್ತೆ ಗುಂಡಿ ಬಿದ್ದದ್ದು. "ಇವ ಕುಲುಕಿದ್ದಕ್ಕೇ ಹೋದದ್ದು" ಅಂತ ಒಬ್ಬರು ಅಂದರು, ಇನ್ನೊಬ್ಬರು ತಲೆ ಆಡಿಸಿದರು. ಹುಡುಗ ಏನೂ ಹೇಳಲಿಲ್ಲ. ಮರುದಿನದಿಂದ ಗಸ್ತಿಗೆ ಬರುವುದು ನಿಲ್ಲಿಸಿದ.

ಬೇರೆ ತೀರದಲ್ಲಿ ಹಲವು ವರ್ಷ ಆಮೆ ಕೆಲಸ ಮಾಡಿದ ಒಬ್ಬಾಕೆಗೆ ಫೋನ್ ಮಾಡಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸತ್ತ ಮರಿ ಎಷ್ಟು ದೊಡ್ಡದಿತ್ತು?"

ಪ್ರಶ್ನೆಯ ಒಳಗೇ ಉತ್ತರ ಇತ್ತು. ಸಾಗಿಸುವಾಗ ಪೆಟ್ಟಾಗಿದ್ದರೆ ಭ್ರೂಣ ಶುರುವಿನಲ್ಲೇ ಸಾಯುತ್ತದೆ. ಒಡೆದು ನೋಡಿದರೆ ಸಣ್ಣ ರಕ್ತದ ಕಲೆ ಅಥವಾ ಕಣ್ಣಿನ ಚುಕ್ಕೆ ಇರುವ ಎಳೆ ಭ್ರೂಣ ಸಿಗಬೇಕಿತ್ತು. ಇಲ್ಲಿ ಸಿಕ್ಕಿದ್ದು ಬೆನ್ನಿನ ಚಿಪ್ಪು, ಉಗುರು, ಮೂತಿ ಎಲ್ಲ ಬಂದ ಮರಿ. ಅಂದರೆ ಮೊಟ್ಟೆಗಳು ಬೈಕನ್ನೂ ದಾಟಿ, ಒಂದು ತಿಂಗಳಿಗೂ ಹೆಚ್ಚು ಚೆನ್ನಾಗಿಯೇ ಬೆಳೆದು, ಕಡೆಯ ವಾರಗಳಲ್ಲಿ ಸತ್ತಿದ್ದವು. ಕಡೆಯ ಹಂತದ ಸಾವಿಗೆ ಬೂಷ್ಟು, ನೀರು, ಗಾಳಿಯ ಕೊರತೆ ಕೂಡ ಕಾರಣ ಆಗಬಹುದು. ಆದರೆ ಹೊಯ್ಗೆ ಒಣಗಿ ಸಡಿಲ ಇತ್ತು, ಮಳೆ ಬಂದಿರಲಿಲ್ಲ, ಮತ್ತೆ ಮರಿ ಬೇಗ ಬಂದಿತ್ತು. ಮೂರನ್ನೂ ಒಟ್ಟಿಗೆ ಇಟ್ಟರೆ ಬೆರಳು ಹೋಗುವುದು ಬಿಸಿಯ ಕಡೆಗೇ.

ದೊಡ್ಡಣ್ಣ ಸಂಜೆಯೇ ಹುಡುಗನ ಮನೆಗೆ ಹೋದರು. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ರಾತ್ರಿ ಬೈಕು ಜಗಲಿ ಎದುರು ಬಂದು ನಿಂತಿತ್ತು.

ಬಿಸಿ ಅಳೆದದ್ದು

ಅಲ್ಲಿಯ ತನಕ ನಮ್ಮ ಪುಸ್ತಕದಲ್ಲಿ ದಿನಾಂಕ, ಮೊಟ್ಟೆಯ ಸಂಖ್ಯೆ, ಮರಿಯ ಸಂಖ್ಯೆ ಮಾತ್ರ ಇತ್ತು. ಉಷ್ಣಾಂಶದ ಒಂದು ಸಾಲೂ ಇಲ್ಲ. ಶಾಲೆಯ ಲ್ಯಾಬಿನ ಗಾಜಿನ ಥರ್ಮಾಮೀಟರ್ ಹೂತು ನೋಡಿದೆವು. ಅದು ಆಗುವ ಕೆಲಸ ಅಲ್ಲ. ಓದಲು ಹೊರಗೆ ಎಳೆದ ಕೂಡಲೇ ಅಂಕಿ ಬದಲಾಗುತ್ತದೆ. ಕೊನೆಗೆ ಸಿಕ್ಕಿದ್ದು ಅಕ್ವೇರಿಯಂ ಅಂಗಡಿಯಲ್ಲಿ ಮಾರುವ ಸಣ್ಣ ಡಿಜಿಟಲ್ ಥರ್ಮಾಮೀಟರ್. ಉದ್ದ ವಯರ್, ತುದಿಯಲ್ಲಿ ಸೆನ್ಸರ್. ಸೆನ್ಸರ್ ಹೊಯ್ಗೆಯಲ್ಲಿ ಹೂತು, ಡಬ್ಬಿಯನ್ನು ಕೋಲಿಗೆ ಕಟ್ಟಿದರೆ ಆಯಿತು.

ಇಂಥ ಅಗ್ಗದ ಉಪಕರಣವನ್ನು ಸುಮ್ನೆ ನಂಬಬಾರದು. ಎಲ್ಲ ಸೆನ್ಸರನ್ನೂ ಒಂದೇ ಬಕೆಟ್ ನೀರಿನಲ್ಲಿ, ಲ್ಯಾಬಿನ ಥರ್ಮಾಮೀಟರ್ ಜೊತೆ ಮುಳುಗಿಸಿ ಇಟ್ಟೆವು. ಒಂದು ಸೆನ್ಸರ್ ಒಂದು ಡಿಗ್ರಿಗೂ ಜಾಸ್ತಿ ತೋರಿಸುತ್ತಿತ್ತು. ಅದನ್ನು ಬದಿಗಿಟ್ಟೆವು. ಉಳಿದವುಗಳ ಮೇಲೆ ಎಷ್ಟು ವ್ಯತ್ಯಾಸ ಅಂತ ಮಾರ್ಕರ್‌ನಲ್ಲಿ ಬರೆದೆವು. ಆಮೆಯ ಲೆಕ್ಕದಲ್ಲಿ ಒಂದು ಡಿಗ್ರಿ ಅಂದರೆ ದೊಡ್ಡ ಸಂಗತಿ, ಆದ್ದರಿಂದ ಈ ಬಕೆಟ್ ಪರೀಕ್ಷೆಯನ್ನು ಯಾರೂ ಬಿಡಬೇಡಿ.

ಸೆನ್ಸರ್ ಹೂತದ್ದು ಸುಮಾರು ಒಂದೂವರೆ ಅಡಿ ಆಳದಲ್ಲಿ, ಮೊಟ್ಟೆ ಇರುವಷ್ಟೇ ಕೆಳಗೆ. ಒಂದು ಬೇಲಿಯೊಳಗಿನ ಖಾಲಿ ಜಾಗದಲ್ಲಿ. ಒಂದು ಗೋಡೆಯ ಬುಡದಲ್ಲಿ. ಒಂದು ತೀರದ ಇಳಿಜಾರಿನಲ್ಲಿ, ಆಮೆ ತಾನಾಗಿ ಮೊಟ್ಟೆ ಇಡುವಲ್ಲಿ. ಒಂದು ಗಾಳಿಮರದ ಅಂಚಿನಲ್ಲಿ. ಇರುವ ಗೂಡನ್ನು ಚುಚ್ಚಲಿಲ್ಲ. ಹೊಸ ಗೂಡು ಬಂದಾಗ ಮಾತ್ರ, ಮೊಟ್ಟೆ ಹಾಕುವಾಗಲೇ ನಡುವಿನಲ್ಲಿ ಒಂದು ಸೆನ್ಸರ್ ಇಟ್ಟೆವು.

ಮೊದಲ ಆಶ್ಚರ್ಯ: ಕೆಳಗೆ ಹಗಲು ರಾತ್ರಿಯ ವ್ಯತ್ಯಾಸವೇ ಇಲ್ಲ ಅನ್ನುವಷ್ಟು ಕಡಿಮೆ. ಮಧ್ಯಾಹ್ನ ಮೇಲಿನ ಹೊಯ್ಗೆಯಲ್ಲಿ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ರಾತ್ರಿ ಅದೇ ಹೊಯ್ಗೆ ತಣ್ಣಗೆ. ಒಂದೂವರೆ ಅಡಿ ಕೆಳಗೆ ಅಂಕಿ ಕದಲುವುದೇ ಇಲ್ಲ. ಹಾಗಾಗಿ ರಾತ್ರಿ ತಂಪಾಗ್ತದಲ್ಲ, ಸರಿಹೋಗ್ತದೆ ಅನ್ನೋ ಸಮಾಧಾನ ಮೊಟ್ಟೆಗೆ ಅನ್ವಯಿಸುವುದಿಲ್ಲ. ಅಲ್ಲಿ ಬಿಸಿ ನಿಧಾನಕ್ಕೆ ಏರುತ್ತದೆ, ಏರಿದ ಮೇಲೆ ವಾರಗಟ್ಟಲೆ ಕೂತಿರುತ್ತದೆ.

ಎರಡನೆಯದು ಜಾಗದ ವ್ಯತ್ಯಾಸ. ಗಾಳಿಮರದ ಅಂಚಿನಲ್ಲಿ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ತೀರದ ಇಳಿಜಾರಿನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮ ಬೇಲಿಯೊಳಗೆ 33. ಗೋಡೆಯ ಬುಡದಲ್ಲಿ ಅದಕ್ಕೂ ಮೇಲೆ. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಗೋಡೆ ಕಡಲ ಗಾಳಿ ತಡೆಯುತ್ತದೆ. ಹಗಲಿಡೀ ಕಾದ ಕಲ್ಲು ಸಂಜೆ ಮೇಲೂ ಬಿಸಿ ಬಿಡುತ್ತದೆ. ಉಬ್ಬರದ ತೇವ ಇಲ್ಲಿಗೆ ತಲುಪುವುದಿಲ್ಲ, ಒಣ ಹೊಯ್ಗೆ ಬೇಗ ಕಾಯುತ್ತದೆ. ಅಳಿವೆಯ ಕಪ್ಪು ಹೊಯ್ಗೆ ಬಿಸಿಲು ಜಾಸ್ತಿ ಹೀರುತ್ತದೆ. ಕಾವಲಿಗೆ ಅನುಕೂಲ ಅಂತ ಆರಿಸಿದ ಒಂದೊಂದು ಸಂಗತಿಯೂ ಗೂಡನ್ನು ಬಿಸಿ ಮಾಡುವ ಸಂಗತಿಯಾಗಿತ್ತು.

ಮೂರನೆಯದು ನಮಗೆ ಪುಸ್ತಕದಲ್ಲಿ ಗೊತ್ತಿದ್ದರೂ ಕಣ್ಣಾರೆ ಕಂಡಾಗಲೇ ನಂಬಿಕೆ ಬಂದದ್ದು. ನೂರು ಮರಿ ಒಟ್ಟಿಗೆ ಬೆಳೆಯುವಾಗ ಅವುಗಳ ಮೈಯಿಂದಲೇ ಬಿಸಿ ಹುಟ್ಟುತ್ತದೆ. ಮೊದಲ ವಾರಗಳಲ್ಲಿ ಗೂಡಿನ ನಡುವಿನ ಸೆನ್ಸರೂ ಪಕ್ಕದ ಹೊಯ್ಗೆಯ ಸೆನ್ಸರೂ ಒಂದೇ ಅಂಕಿ ತೋರಿಸುತ್ತಿದ್ದವು. ಕೊನೆಯ ಮೂರನೇ ಒಂದು ಪಾಲಿನಲ್ಲಿ ಗೂಡಿನದು ಮೇಲೇರತೊಡಗಿತು, ಎರಡು ಡಿಗ್ರಿ ದಾಟಿತು. ಲೆಕ್ಕ ಹಾಕಿ ನೋಡಿ: ಹೊಯ್ಗೆಯೇ 33 ಇದ್ದರೆ ಗೂಡಿನ ಹೊಟ್ಟೆಯಲ್ಲಿ 35 ಮುಟ್ಟಿತು. ಕಡಲಾಮೆ ಭ್ರೂಣ ಬದುಕಿ ಬರುವ ಮಿತಿ ಹೆಚ್ಚುಕಡಿಮೆ 25ರಿಂದ 35. ಮೇಲಿನ ತುದಿಯಲ್ಲಿ ದಿನಗಟ್ಟಲೆ ನಿಂತರೆ ಸಾವು ಏರುತ್ತದೆ. ಗೂಡುಗಳು ಒತ್ತೊತ್ತಾಗಿದ್ದರೆ ಒಂದರ ಬಿಸಿ ಇನ್ನೊಂದಕ್ಕೂ ತಾಗುತ್ತದೆ. ಗೂಡಿನಿಂದ ಗೂಡಿಗೆ ಒಂದು ಮೀಟರ್ ಬಿಡಿ ಅಂತ ಹೇಳುವುದು ಅದಕ್ಕೇ.

ತಂಪು ಮಾಡುವ ಪ್ರಯತ್ನ, ಮತ್ತು ಅದರ ಜಗಳ

ಆಗ ಬೇಲಿಯೊಳಗೆ ಇನ್ನೂ ಕೆಲವು ಗೂಡು ಉಳಿದಿದ್ದವು, ಫೆಬ್ರವರಿ ಕೊನೆ ಮತ್ತು ಮಾರ್ಚಿನವು. ಮೊಟ್ಟೆಗಳನ್ನು ಎಬ್ಬಿಸಿ ಬೇರೆಡೆ ಹಾಕುವ ಹಾಗಿಲ್ಲ, ಆಗಲೇ ಹೇಳಿದ ಕಾರಣಕ್ಕೆ. ಇದ್ದಲ್ಲೇ ತಂಪು ಮಾಡಬೇಕು.

ಅಕ್ಕ ಮೊದಲೇ ಕೊಡಪಾನದಲ್ಲಿ ಬಾವಿ ನೀರು ತಂದು ಮಧ್ಯಾಹ್ನ ಸುರಿಯಲು ಶುರು ಮಾಡಿದ್ದರು. ಮೇಲಿನ ಹೊಯ್ಗೆ ಚುಂಯ್ ಅಂತ ತಣ್ಣಗಾಗುತ್ತಿತ್ತು, ಕೆಳಗಿನ ಸೆನ್ಸರ್ ಕದಲುತ್ತಿರಲಿಲ್ಲ. ಬಿಸಿಲಿಗೆ ನೀರು ಅಲ್ಲೇ ಆರಿ ಹೋಗುತ್ತಿತ್ತು. ಕೆಳಗೆ ತಲುಪುವಷ್ಟು ಸುರಿದರೆ ಮೊಟ್ಟೆಗೆ ಗಾಳಿ ಸಿಗುವುದಿಲ್ಲ, ಬೂಷ್ಟು ಬರುತ್ತದೆ. ಅದಕ್ಕೇ ಮಧ್ಯಾಹ್ನದ ಕೊಡಪಾನ ನಿಲ್ಲಿಸಿ, ಸಂಜೆ ಹೊತ್ತು ತೆಳುವಾಗಿ ಚಿಮುಕಿಸುವುದು ಅಂತ ಮಾಡಿದೆವು.

ನರ್ಸರಿಯವರು ಬಳಸುವ ಹಸಿರು ನೆಟ್ ಯಾರೋ ತಂದು ಗೂಡಿನ ಮೇಲೆ ಹಾಸಿದರು. ಹಾಸಿದ್ದರಿಂದ ಏನೂ ಪ್ರಯೋಜನ ಆಗಲಿಲ್ಲ. ಹೊಯ್ಗೆಗೆ ಅಂಟಿ ಕೂತ ನೆಟ್ ತಾನೇ ಕಾದು ಬಿಸಿಯನ್ನು ಕೆಳಗೆ ಕೊಡುತ್ತದೆ. ನೆರಳಿನ ಕೆಳಗೆ ಗಾಳಿ ಆಡಬೇಕು. ದೊಡ್ಡಣ್ಣ ತೆಂಗಿನ ಮಡಲು ಹೆಣೆದು ತಟ್ಟಿ ಮಾಡಿದರು. ಬಿದಿರಿನ ಗೂಟ ಹುಗಿದು ಸೊಂಟದೆತ್ತರಕ್ಕೆ ಕಟ್ಟಿದರು, ನಾಲ್ಕೂ ಬದಿ ಬಿಟ್ಟು. ಕೆಲವೇ ದಿನದಲ್ಲಿ ಕೆಳಗಿನ ಅಂಕಿ ಇಳಿಯತೊಡಗಿತು. ಎರಡು ಡಿಗ್ರಿ ಇಳಿಯಿತು, ಆಮೇಲೆ ನಿಂತಿತು. ಕಾಸು ಖರ್ಚಿಲ್ಲ.

ಜಗಳ ಶುರುವಾದದ್ದು ಆಮೇಲೆ. ಎಲ್ಲ ಗೂಡಿಗೂ ತಟ್ಟಿ ಹಾಕೋಣ, ಇನ್ನೂ ದಪ್ಪ ಮಾಡೋಣ ಅಂತ ಹೆಚ್ಚಿನವರು. ಫೋನಿನಲ್ಲಿ ಮಾತಾಡಿದ್ದ ಆಕೆ ಒಂದು ದಿನ ಬಂದು ನೋಡಿ, ಬೇಡ ಅಂದರು.

ಕಾರಣ ಇದು. ಕಡಲಾಮೆಗೆ ಗಂಡು ಹೆಣ್ಣು ಅನ್ನೋದು ತಾಯಿ ತಂದೆಯ ವರ್ಣತಂತುವಿನಿಂದ ತೀರ್ಮಾನ ಆಗುವುದಿಲ್ಲ. ಕಾವಿನ ಅವಧಿಯ ನಡುವಿನ ಮೂರನೇ ಒಂದು ಪಾಲಿನಲ್ಲಿ ಹೊಯ್ಗೆ ಎಷ್ಟು ಬಿಸಿ ಇತ್ತು ಅನ್ನೋದರಿಂದ ಆಗುತ್ತದೆ. 29, 30ರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಸಮಸಮ. ಅದಕ್ಕಿಂತ ಬಿಸಿ ಆದರೆ ಹೆಣ್ಣು, ತಂಪಾದರೆ ಗಂಡು. ಒಂದೆರಡು ಡಿಗ್ರಿಯಲ್ಲೇ ಇಡೀ ಗೂಡು ಒಂದೇ ಕಡೆಗೆ ವಾಲುತ್ತದೆ. ನಮ್ಮ ಬೇಲಿಯಿಂದ ಮಾರ್ಚಿನಲ್ಲಿ ಬದುಕಿ ಹೋದವೆಲ್ಲ ಬಹುಶಃ ಹೆಣ್ಣು. ದಪ್ಪ ನೆರಳು ಹಾಕಿ 28ಕ್ಕೆ ಇಳಿಸಿದರೆ ಮುಂದಿನವೆಲ್ಲ ಗಂಡು.

"ಹೆಣ್ಣು ಜಾಸ್ತಿ ಆದ್ರೆ ಮೊಟ್ಟೆ ಜಾಸ್ತಿ ಅಲ್ವಾ, ಒಳ್ಳೇದೇ ಅಲ್ವಾ?" ಅಂತ ಅಕ್ಕ ಕೇಳಿದರು. ಸ್ವಲ್ಪ ಮಟ್ಟಿಗೆ ಹೌದು. ಒಂದು ಗಂಡು ಹಲವು ಹೆಣ್ಣನ್ನು ಕೂಡುತ್ತದೆ, ಹಾಗಾಗಿ ಹೆಣ್ಣು ಹೆಚ್ಚಿದ್ದರೆ ತಕ್ಷಣ ನಷ್ಟ ಇಲ್ಲ. ಆದರೆ ಅದಕ್ಕೂ ಮಿತಿ ಉಂಟು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಬಡಗು ಭಾಗದ ಹಸಿರು ಆಮೆಗಳ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಬಂತು. ಎಳೆ ಪ್ರಾಯದವುಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಹೆಣ್ಣು. ಈಗ ಅಲ್ಲಿ ಮೊಟ್ಟೆ ಇಡುವ ಆಮೆಗೆ ಬರಗಾಲ ಇಲ್ಲ. ಆ ಹೆಣ್ಣುಗಳು ದೊಡ್ಡವಾದಾಗ ಗಂಡು ಎಲ್ಲಿ ಅನ್ನೋದು ಪ್ರಶ್ನೆ. ಆಲಿವ್ ರಿಡ್ಲಿ ಮೊಟ್ಟೆ ಇಡಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು. ಇವತ್ತಿನ ಹ್ಯಾಚರಿಯ ಏರುಪೇರು ಕಾಣಿಸುವ ಹೊತ್ತಿಗೆ ತಂಡದಲ್ಲಿ ಯಾರಿರುತ್ತಾರೋ ಯಾರಿಲ್ಲವೋ.

ದೊಡ್ಡಣ್ಣನ ಮಾತು ನೇರ ಇತ್ತು. "ಸತ್ತ ಮೇಲೆ ಗಂಡಾದರೆಂತ, ಹೆಣ್ಣಾದರೆಂತ ಮಾಷ್ಟ್ರೇ? ಮೊದಲು ಬದುಕಲಿ." ಅದನ್ನು ತಳ್ಳಿಹಾಕುವ ಹಾಗಿರಲಿಲ್ಲ.

ಕೊನೆಗೆ ಬಂದ ಒಪ್ಪಂದ ಎರಡೂ ಮಾತನ್ನು ಜೋಡಿಸಿದ್ದು. ಲಿಂಗ ನಿಶ್ಚಯ ಆಗುವುದು ನಡುವಿನ ಪಾಲಿನಲ್ಲಿ, ಸಾವಿನ ಅಪಾಯ ಜಾಸ್ತಿ ಇರುವುದು ಕೊನೆಯ ಪಾಲಿನಲ್ಲಿ. ಎರಡು ಬೇರೆ ಬೇರೆ ಹೊತ್ತು. ಹಾಗಾದರೆ ಕೊನೆಯ ಪಾಲಿನಲ್ಲಿ ಎಲ್ಲ ಗೂಡಿಗೂ ನೆರಳು, ಅದರಲ್ಲಿ ಚೌಕಾಸಿ ಇಲ್ಲ. ನಡುವಿನ ಪಾಲಿನಲ್ಲಿ ಕೆಲವಕ್ಕೆ ತಟ್ಟಿ, ಕೆಲವಕ್ಕೆ ಬಯಲು. ತಟ್ಟಿ ತೆಳುವಾಗಿಯೇ ಇರಲಿ. ಎಲ್ಲವನ್ನೂ ಒಂದೇ ಬಗೆ ಮಾಡುವುದು ಬೇಡ. ಬಯಲಿನ ತೀರದಲ್ಲೂ ಹಾಗೇ ಅಲ್ವಾ? ಒಂದು ಆಮೆ ತೇವದ ಹತ್ತಿರ ಇಡುತ್ತದೆ, ಇನ್ನೊಂದು ಬಳ್ಳಿಯ ಬುಡದಲ್ಲಿ, ಮತ್ತೊಂದು ಸುಡುವ ಬಯಲಲ್ಲಿ. ನಾವು ಎಲ್ಲವನ್ನೂ ತಂದು ಒಂದೇ ಬಿಸಿಯ ಚೌಕದಲ್ಲಿ ಇಟ್ಟಿದ್ದೆವು.

ಏನಾಯಿತು

ತಟ್ಟಿಯ ಕೆಳಗಿನ ಗೂಡುಗಳು ನಿಧಾನಕ್ಕೆ ಬಂದವು, ಐವತ್ತು ದಿನದ ಹತ್ತಿರ. ಅಗೆದಾಗ ಸತ್ತ ಮರಿ ಕೆಲವೇ. ಮಗುಚಿ ಹಾಕಿದರೆ ಕೂಡಲೇ ಎದ್ದವು. ನಡುವಿನ ಪಾಲಿನಲ್ಲಿ ಬಯಲಲ್ಲಿದ್ದು ಕೊನೆಗೆ ನೆರಳು ಸಿಕ್ಕ ಗೂಡುಗಳಲ್ಲಿ ಸಾವು ಸ್ವಲ್ಪ ಜಾಸ್ತಿ, ಆದರೂ ಮಾರ್ಚಿನ ಆ ಎರಡು ಗೂಡಿನ ಹಾಗಲ್ಲ.

ಒಂದು ಗೂಡು ಪೂರ್ತಿ ಹೋಯಿತು, ಅದೂ ಒಳ್ಳೆಯ ತಟ್ಟಿಯ ಕೆಳಗಿನದ್ದು. ಏಪ್ರಿಲ್‌ ಕೊನೆಗೆ ಒಂದು ಜೋರು ಬೇಸಗೆ ಮಳೆ ಬಂತು. ಮಡಲು ಭಾರಕ್ಕೆ ನಡುವೆ ಜಗ್ಗಿ, ಇಡೀ ತಟ್ಟಿಯ ನೀರು ಒಂದೇ ಕಡೆ ಧಾರೆಯಾಗಿ ಗೂಡಿನ ಬಾಯಿಗೆ ಬಿತ್ತು. ಬೆಳಿಗ್ಗೆ ನೋಡುವಾಗ ಅಲ್ಲಿ ಗುಳಿ ಬಿದ್ದು ನೀರು ನಿಂತಿತ್ತು. ಬಯಲಲ್ಲಿದ್ದ ಪಕ್ಕದ ಗೂಡಿಗೆ ಆ ಮಳೆಯಿಂದ ಒಳ್ಳೆಯದೇ ಆಯಿತು, ಹೊಯ್ಗೆ ತಣಿಯಿತು. ಈಗ ತಟ್ಟಿಯನ್ನು ಒಂದು ಬದಿ ಇಳಿಜಾರಾಗಿ ಕಟ್ಟುತ್ತಾರೆ, ನೀರು ಬೇಲಿಯ ಹೊರಗೆ ಬೀಳುವ ಹಾಗೆ.

ಇನ್ನೊಂದು ಗೂಡಿನ ಕಥೆ ತಂಡದ ಲೆಕ್ಕವನ್ನೇ ಅಲುಗಿಸಿತು. ಅದು ಸಿಕ್ಕಿದ್ದೇ ತಡವಾಗಿ, ಹೊತ್ತೇರಿದ ಮೇಲೆ. ಸಾಗಿಸುವ ಹೊತ್ತು ಮೀರಿದ್ದರಿಂದ ಇದ್ದಲ್ಲೇ ಬಿಟ್ಟು, ಸುತ್ತ ಹಳೆ ಬಲೆ ಕಟ್ಟಿ, ನಾಯಿ ಅಗೆಯದ ಹಾಗೆ ಮೇಲೊಂದು ಬುಟ್ಟಿ ಕವುಚಿದ್ದೆವು. ತೀರದ ಇಳಿಜಾರಿನ ಗೂಡು. ತಟ್ಟಿ ಇಲ್ಲ, ನೀರು ಇಲ್ಲ. ಅದು ಎಲ್ಲಕ್ಕಿಂತ ಚೆನ್ನಾಗಿ ಒಡೆಯಿತು. ಒಂದೇ ಗೂಡಿನಿಂದ ಏನನ್ನೂ ಸಾಧಿಸಿದ ಹಾಗಲ್ಲ, ಅದು ನನಗೂ ಗೊತ್ತು. ಆದರೂ ದೊಡ್ಡಣ್ಣ ಅದನ್ನು ದಿನಾ ನೆನಪಿಸುತ್ತಾರೆ.

ಮರಿಗಳು ಗಂಡೋ ಹೆಣ್ಣೋ ಅಂತ ನೋಡಿ ಹೇಳುವ ಹಾಗಿಲ್ಲ. ಹೊರಗಿನಿಂದ ಗುರುತು ಇಲ್ಲ. ಖಚಿತವಾಗಿ ತಿಳಿಯಬೇಕಾದರೆ ಒಳಗಿನ ಅಂಗ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅದು ಈ ತಂಡದ ಕೆಲಸವೂ ಅಲ್ಲ, ಅನುಮತಿಯೂ ಇಲ್ಲ. ಪುಸ್ತಕದಲ್ಲಿ ನಡುವಿನ ಪಾಲಿನ ಸರಾಸರಿ ಉಷ್ಣಾಂಶ, ಒಟ್ಟು ದಿನ, ಎರಡನ್ನೂ ಬರೆದಿಡುತ್ತೇವೆ. ಅದರಿಂದ ಅಂದಾಜು ಮಾಡಬಹುದು, ಅಷ್ಟೇ.

ಮರಿ ಬಿಡುವ ಹೊತ್ತು

ಬಿಸಿಯ ಲೆಕ್ಕ ಗೂಡಿನೊಳಗೆ ಮುಗಿಯುವುದಿಲ್ಲ. ಮರಿಗಳು ಮೇಲಕ್ಕೆ ಬಂದರೂ ಮೇಲಿನ ಹೊಯ್ಗೆ ಬಿಸಿ ಇದ್ದರೆ ಕೆಳಗೇ ಸುಮ್ಮನಾಗುತ್ತವೆ. ತಣ್ಣಗಾದ ಮೇಲೆ, ಅಂದರೆ ರಾತ್ರಿ, ಹೊರಬರುತ್ತವೆ. ಹೊರಬಂದ ಮೊದಲ ಗಂಟೆಗಳಲ್ಲಿ ಅವುಗಳಿಗೆ ಒಂದು ಹುರುಪು ಇರುತ್ತದೆ. ಅದರಲ್ಲೇ ದಡದ ಅಲೆ ದಾಟಿ ಆಳಕ್ಕೆ ಈಜಬೇಕು.

ಆದರೆ ಆ ವರ್ಷ ಶುರುವಿನಲ್ಲಿ ಮರಿ ಬಿಡುವುದು ಒಂದು ಕಾರ್ಯಕ್ರಮ ಆಗಿತ್ತು. ಒಂದು ಸಂಸ್ಥೆಯವರು ಬ್ಯಾನರ್ ಕಟ್ಟಿಸಿ, ಅತಿಥಿಗಳನ್ನು ಕರೆದು, ಬೆಳಿಗ್ಗೆ ಒಂಬತ್ತಕ್ಕೆ ಬಿಡಬೇಕು ಅನ್ನುತ್ತಿದ್ದರು. ರಾತ್ರಿ ಬಂದ ಮರಿಗಳು ಅಲ್ಲಿಯ ತನಕ ಟಬ್ಬಿನಲ್ಲಿ ಗೋಡೆಗೆ ಮೂತಿ ಬಡಿಯುತ್ತಾ ಹುರುಪೆಲ್ಲ ಕಳೆದುಕೊಳ್ಳುತ್ತಿದ್ದವು. ಭಾಷಣ ಮುಗಿದು ಬಿಡುವಾಗ ಹೊಯ್ಗೆ ಕಾದಿರುತ್ತಿತ್ತು. ಕೆಲವು ನಡುದಾರಿಯಲ್ಲೇ ನಿಂತುಬಿಡುತ್ತಿದ್ದವು. ಮೇಲೆ ಹದ್ದು, ಕಾಗೆ. ಹುಡುಗ ಒಂದು ದಿನ ಮೇಲಿನ ಹೊಯ್ಗೆಗೆ ಸೆನ್ಸರ್ ಇಟ್ಟು, ಅಂಕಿಯ ಫೋಟೋ ತೆಗೆದು ಆ ಸಂಸ್ಥೆಯ ಗುಂಪಿಗೆ ಹಾಕಿದ. ಕೆಳಗೆ ಏನೂ ಬರೆಯಲಿಲ್ಲ. ಮುಂದಿನ ಮರಿಗಳನ್ನು ಬೆಳಕಾಗುವ ಮೊದಲೇ ಬಿಟ್ಟೆವು. ಅತಿಥಿಗಳು ಕಡಿಮೆ ಬಂದರು.

ಉಳಿದವರು ಗಮನಿಸಬೇಕಾದದ್ದು

ಹ್ಯಾಚರಿ ಮಾಡಲು ಹೊರಟವರು ಬೇಲಿ ಹಾಕುವ ಮೊದಲು ಆ ಜಾಗದಲ್ಲಿ ಮೊಟ್ಟೆಯ ಆಳಕ್ಕೆ ಒಂದು ಸೆನ್ಸರ್ ಹೂತು ಒಂದು ಬೇಸಗೆ ನೋಡಬೇಕು. ಅಷ್ಟು ಸಮಯ ಇಲ್ಲದಿದ್ದರೆ ಒಂದು ತಿಂಗಳಾದರೂ. ಡಿಸೆಂಬರಿನಲ್ಲಿ ಚೆನ್ನಾಗಿದ್ದ ಜಾಗ ಮಾರ್ಚಿನಲ್ಲಿ ಚೆನ್ನಾಗಿರುತ್ತದೆ ಅಂತ ನಂಬಬಾರದು. ನಮ್ಮ ಕರಾವಳಿಯಲ್ಲಿ ಮಳೆ ಬರುವ ಮೊದಲಿನ ಆ ಎರಡು ತಿಂಗಳೇ ಪರೀಕ್ಷೆ.

ಎರಡನೆಯದು, ದಿನ ಎಣಿಸಿ. ಉಷ್ಣಾಂಶ ಅಳೆಯಲು ಏನೂ ಇಲ್ಲದ ತಂಡಕ್ಕೂ ಕ್ಯಾಲೆಂಡರ್ ಇರುತ್ತದೆ. ಗೂಡುಗಳು 45 ದಿನದ ಹತ್ತಿರಕ್ಕೆ ಜಾರುತ್ತಿವೆ ಅಂದರೆ ಹೊಯ್ಗೆ ಬಿಸಿಯಾಗಿದೆ ಅಂತ ಅರ್ಥ, ಸಂಭ್ರಮ ಪಡುವುದಕ್ಕೆ ಕಾರಣ ಅಲ್ಲ. ಸತ್ತ ಮೊಟ್ಟೆಯನ್ನು ಎಸೆಯುವ ಮೊದಲು ಒಡೆದು ನೋಡಿ, ಯಾವ ಹಂತದಲ್ಲಿ ಸತ್ತಿತು ಅಂತ ಬರೆದುಕೊಳ್ಳಿ. ವಾಸನೆ ಸಹಿಸಿಕೊಳ್ಳಬೇಕು. ನಮ್ಮಲ್ಲಿ ಅದರಿಂದಲೇ ಒಬ್ಬ ಹುಡುಗನ ಮೇಲಿನ ಅಪವಾದ ಹೋಯಿತು.

ನೆರಳನ್ನು ಔಷಧಿ ಅಂತ ನೋಡುವವರು ಅದರ ಪ್ರಮಾಣವನ್ನೂ ಕೇಳಬೇಕು. ಎಷ್ಟು ಇಳಿಸಬೇಕು, ಯಾವ ವಾರದಲ್ಲಿ, ಯಾವ ಗೂಡಿಗೆ ಅಂತ. ಅಂಕಿ ನೋಡದೆ ಮಡಲು ಹೇರುವುದು, ಅಂಕಿ ನೋಡದೆ ಬಿಸಿಲಿಗೆ ಬಿಡುವುದು, ಎರಡರಲ್ಲೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಈಗಿನ ಸ್ಥಿತಿ

ಬೇಲಿಯನ್ನು ಗೋಡೆಯ ಹಿಂದಿನಿಂದ ಎತ್ತಿ ಗಾಳಿಮರದ ಅಂಚಿಗೆ ಹಾಕಿದ್ದಾರೆ, ಅರ್ಧ ನೆರಳಲ್ಲಿ, ಅರ್ಧ ಬಯಲಲ್ಲಿ. ಬೇರು ಬಾರದ ಹಾಗೆ ಸುತ್ತ ಕಂದಕ ತೆಗೆದಿದ್ದಾರೆ, ಆದರೂ ಒಂದೆರಡು ಬೇರು ನುಗ್ಗುತ್ತವೆ. ಕಾವಲಿಗೆ ಅಲ್ಲಿ ಒಂದು ಸಣ್ಣ ಗುಡಿಸಲು. ಅಕ್ಕನಿಗೆ ಅಷ್ಟು ದೂರ ಬರುವುದು ಕಷ್ಟ, ಅವರು ಈಗ ಪುಸ್ತಕದ ಅಂಕಿ ಕೂಡಿಸುತ್ತಾರೆ.

ಯಾವ ಗೂಡನ್ನು ಸಾಗಿಸುವುದು ಅನ್ನೋದರಲ್ಲಿ ಇನ್ನೂ ಒಮ್ಮತ ಇಲ್ಲ. ಉಬ್ಬರ ಮುಟ್ಟುವ ಗೂಡನ್ನು ಮಾತ್ರ ಎತ್ತಬೇಕು, ಉಳಿದವಕ್ಕೆ ಇದ್ದಲ್ಲೇ ಬಲೆ ಕಟ್ಟಿ ಕಾಯಬೇಕು ಅಂತ ದೊಡ್ಡಣ್ಣ. ಚದುರಿದ ಗೂಡುಗಳನ್ನು ಕಾಯಲು ಜನ ಎಲ್ಲಿ ಅಂತ ಹುಡುಗ. ಅವನ ಕೋರ್ಸ್ ಈ ವರ್ಷ ಮುಗಿಯುತ್ತದೆ, ಕೆಲಸಕ್ಕೆ ಹೊರಗೆ ಹೋದರೆ ಗಸ್ತಿಗೆ ಬೇರೆಯವರು ಬೇಕು. ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯಲ್ಲಿ ಈ ಸಲ ಎರಡೂ ಬಗೆಗೆ ಅನುಮತಿ ಕೇಳಿದ್ದೇವೆ. ಸೆನ್ಸರುಗಳ ಬಟನ್ ಸೆಲ್ ಮಾತ್ರ ಉಪ್ಪುಗಾಳಿಗೆ ಬೇಗ ಹಾಳಾಗುತ್ತದೆ. ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ.